ಅಪ್ಪ ನರಕದಲ್ಲಿದ್ದಾರೆ ಎಂದು ಯಾರಾದರೂ ಹೇಳಬಹುದೇ?

ಪ್ರಶ್ನೆ: ನಮ್ಮ ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಒಳ್ಳೆಯ ಮನುಷ್ಯ. ಯಾರ ದುಡ್ಡೂ ಮುಟ್ಟಿದವರಲ್ಲ, ಕಷ್ಟ ಅಂತ ಬಂದವರನ್ನು ಬರಿಗೈಯಲ್ಲಿ ಕಳಿಸಿದವರಲ್ಲ. ಆದರೆ ಮೂವತ್ತು ವರ್ಷದಿಂದ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ದೇವರಿದ್ದಾನೆ ಅಂತ ನಂಬೋಕೆ ಆಗ್ತಿಲ್ಲ ಎಂದು ನೇರವಾಗಿಯೇ ಹೇಳುತ್ತಿದ್ದರು. ಮಣ್ಣು ಮಾಡಿ ಬಂದ ಮಾರನೆಯ ದಿನ ಒಬ್ಬ ಬೋಧಕರು ಮನೆಗೆ ಬಂದರು. "ಅವರು ಈಗ ನರಕದ ಬೆಂಕಿಯಲ್ಲಿದ್ದಾರೆ, ಅದಕ್ಕೆ ಕೊನೆಯೇ ಇಲ್ಲ, ನೀವಾದರೂ ಎಚ್ಚರವಾಗಿರಿ" ಎಂದರು. ಆವತ್ತಿನಿಂದ ನಿದ್ದೆ ಇಲ್ಲ. ಬೈಬಲ್ ನಿಜವಾಗಿ ಹೀಗೆ ಹೇಳುತ್ತದೆಯೇ? ಕೆಟ್ಟವರು ಪೂರ್ತಿ ನಾಶವಾಗುತ್ತಾರೆ ಅಂತ ಕೆಲವರು, ಕೊನೆಗೆ ಎಲ್ಲರಿಗೂ ರಕ್ಷಣೆ ಸಿಗುತ್ತದೆ ಅಂತ ಕೆಲವರು ಹೇಳುತ್ತಾರಲ್ಲ, ಅದೆಲ್ಲ ತಪ್ಪು ಬೋಧನೆಯೇ? ಅಪ್ಪನಿಗಾಗಿ ನಾನು ಪ್ರಾರ್ಥನೆ ಮಾಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ. ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಆ ಮೂರರಲ್ಲಿ ಯಾವುದೂ ಅಲ್ಲ, ಆ ಬೋಧಕರ ಒಂದು ಮಾತು. ಹಾಗಾಗಿ ಅದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಆ ಮಾತು ಹೇಳುವ ಅಧಿಕಾರ ಅವರಿಗೆ ಇರಲಿಲ್ಲ.

ಇದನ್ನು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಕಥೋಲಿಕ ಸಭೆಯನ್ನೇ ನೋಡಿ. ನರಕ ಉಂಟು, ಅದು ನಿತ್ಯವಾದದ್ದು ಎಂದು ಅದು ಇವತ್ತಿಗೂ ಬೋಧಿಸುತ್ತದೆ. ಸಾವಿರಾರು ಜನರನ್ನು ಹೆಸರು ಹಿಡಿದು ಸಂತರೆಂದು ಸಾರಿದೆ. ಅಂದರೆ ಇವರು ದೇವರ ಬಳಿ ಇದ್ದಾರೆ ಎಂದು ಹೇಳಿದೆ. ಆದರೆ ಇಂಥವನು ನರಕದಲ್ಲಿದ್ದಾನೆ ಎಂದು ಒಬ್ಬನ ಬಗ್ಗೆಯೂ ಅಧಿಕೃತವಾಗಿ ಸಾರಿಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನ ಬಗ್ಗೆಯೂ ಇಲ್ಲ. ಪ್ರೊಟೆಸ್ಟಂಟರೂ ಹೇಳುವ ವಿಶ್ವಾಸ ಪ್ರಮಾಣದಲ್ಲಿ ಏನಿದೆ? ಜೀವಿಸುವವರಿಗೂ ಸತ್ತವರಿಗೂ ತೀರ್ಪು ಕೊಡಲು ಕ್ರಿಸ್ತನು ಬರುವನು ಎಂದಿದೆ. ತೀರ್ಪು ಕೊಡುವವನು ಆತ. ಬೇರೊಬ್ಬನ ಸೇವಕನ ಬಗ್ಗೆ ತೀರ್ಪು ಕೊಡಲು ನೀನು ಯಾರು ಎಂದು ಪೌಲನು ರೋಮ್‌ನವರಿಗೆ ಬರೆದ ಪತ್ರದಲ್ಲಿ ಕೇಳುತ್ತಾನೆ. ಈ ಪ್ರಶ್ನೆ ಬೋಧಕರಿಗೂ ಅನ್ವಯಿಸುತ್ತದೆ.

ಈಗ ಬೈಬಲ್ ಏನು ಹೇಳುತ್ತದೆ ಎಂಬುದಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು, ಯಾಕೆಂದರೆ ಗೊಂದಲ ಶುರುವಾಗುವುದೇ ಪದಗಳಲ್ಲಿ.

ಹಳೆಯ ಒಡಂಬಡಿಕೆಯಲ್ಲಿ ಸತ್ತವರು ಹೋಗುವ ಜಾಗಕ್ಕೆ ಹೀಬ್ರೂ ಭಾಷೆಯಲ್ಲಿ ಶಿಯೋಲ್ ಎನ್ನುತ್ತಾರೆ. ಕನ್ನಡ ಬೈಬಲಿನಲ್ಲಿ ಅದು ಪಾತಾಳ. ಸುಮಾರು 65 ಸಲ ಈ ಪದ ಬರುತ್ತದೆ. ಅಲ್ಲಿಗೆ ಒಳ್ಳೆಯವರೂ ಹೋಗುತ್ತಾರೆ, ಕೆಟ್ಟವರೂ ಹೋಗುತ್ತಾರೆ. ಯೋಸೇಫ ಸತ್ತನೆಂದು ನಂಬಿದ ಯಾಕೋಬ, ಅಳುತ್ತಲೇ ಪಾತಾಳಕ್ಕಿಳಿದು ಮಗನ ಬಳಿಗೆ ಹೋಗುತ್ತೇನೆ ಎನ್ನುತ್ತಾನೆ. ಮಗ ಯಾತನೆಯಲ್ಲಿದ್ದಾನೆ ಎಂದಲ್ಲ ಅವನ ಮಾತಿನ ಅರ್ಥ. ಸತ್ತವರು ಎಲ್ಲಿದ್ದಾರೋ ಅಲ್ಲಿ ಎಂದು, ಅಷ್ಟೇ. ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಇದಕ್ಕೆ ಸಮನಾದ ಪದ ಹೇಡಿಸ್.

ಯೇಸು ಎಚ್ಚರಿಕೆ ಕೊಡುವಾಗ ಬಳಸಿದ ಪದ ಬೇರೆ. ಅದು ಗೆಹೆನ್ನಾ. ಕನ್ನಡದಲ್ಲಿ ನರಕ ಎಂದು ಓದುವುದು ಇದನ್ನೇ. ನರಕ ಅನ್ನುವ ಕನ್ನಡ ಪದದ ಹಿಂದೆ ಬೈಬಲಿನದಲ್ಲದ ಎಷ್ಟೋ ಚಿತ್ರಗಳಿವೆ, ಅವೆಲ್ಲ ನಮಗೆ ಗೊತ್ತಿಲ್ಲದೆ ಓದಿನ ಒಳಗೆ ಬಂದುಬಿಡುತ್ತವೆ. ಗೆಹೆನ್ನಾ ಮಾತ್ರ ಒಂದು ಊರ ಪಕ್ಕದ ಜಾಗದ ಹೆಸರು. ಹೊಸ ಒಡಂಬಡಿಕೆಯಲ್ಲಿ ಹನ್ನೆರಡೇ ಸಲ ಬರುತ್ತದೆ: ಮತ್ತಾಯನಲ್ಲಿ ಏಳು, ಮಾರ್ಕನಲ್ಲಿ ಮೂರು, ಲೂಕನಲ್ಲಿ ಒಂದು, ಯಾಕೋಬನ ಪತ್ರದಲ್ಲಿ ಒಂದು. ಯೋಹಾನನ ಸುವಾರ್ತೆಯಲ್ಲಿ ಇಲ್ಲ. ಪೌಲನ ಒಂದೇ ಒಂದು ಪತ್ರದಲ್ಲೂ ಇಲ್ಲ. ಅಪೊಸ್ತಲರು ಊರೂರು ತಿರುಗಿ ಮಾಡಿದ ಪ್ರಸಂಗಗಳಲ್ಲೂ ಇಲ್ಲ. ಅವರು ನ್ಯಾಯತೀರ್ಪಿನ ಬಗ್ಗೆ ಖಂಡಿತ ಮಾತಾಡಿದರು, ಆದರೆ ಗೆಹೆನ್ನಾದ ಬೆಂಕಿ ತೋರಿಸಿ ಯಾರನ್ನೂ ಕರೆಯಲಿಲ್ಲ. ನಾನು ಪಾಠ ಮಾಡುವಾಗ ಇದನ್ನು ಹೇಳಿದರೆ ವಿದ್ಯಾರ್ಥಿಗಳು ಮೊದಲು ನಂಬುವುದಿಲ್ಲ. ಮನೆಗೆ ಹೋಗಿ ಹುಡುಕಿ ನೋಡುತ್ತಾರೆ.

ಗೆಹೆನ್ನಾ ಅಂದರೆ ಹಿನ್ನೋಮ್ ಕಣಿವೆ. ಜೆರುಸಲೇಮಿನ ಹಳೆಯ ಪಟ್ಟಣದ ನೈಋತ್ಯಕ್ಕೂ ದಕ್ಷಿಣಕ್ಕೂ ಸುತ್ತಿಕೊಂಡಿರುವ ತಗ್ಗು ಅದು. ಇವತ್ತೂ ಹೋಗಿ ನಿಲ್ಲಬಹುದು. ಅಲ್ಲಿ ಪಟ್ಟಣದ ಕಸ ಸದಾ ಉರಿಯುತ್ತಿತ್ತು, ಅದಕ್ಕೇ ಆ ಹೆಸರು ನರಕಕ್ಕೆ ಬಂತು ಎಂದು ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಆ ಮಾತಿಗೆ ಯೇಸುವಿನ ಕಾಲದ ಆಧಾರ ಯಾವುದೂ ಇಲ್ಲ. ಅದು ಮೊದಲು ಕಾಣಿಸುವುದು ಸುಮಾರು 1200ರ ಹೊತ್ತಿಗೆ ಬರೆದ ಒಬ್ಬ ಯೆಹೂದಿ ವ್ಯಾಖ್ಯಾನಕಾರನಲ್ಲಿ. ನಿಜವಾದ ಕಾರಣ ಕಸಕ್ಕಿಂತ ಭಯಂಕರ. ಆ ಕಣಿವೆಯ ತೋಫೆತ್ ಎಂಬಲ್ಲಿ ಜನ ತಮ್ಮ ಮಕ್ಕಳನ್ನು ಬೆಂಕಿಗೆ ಆಹುತಿ ಕೊಡುತ್ತಿದ್ದರು. ಆಹಾಜ ಮತ್ತು ಮನಸ್ಸೆ ಎಂಬ ರಾಜರೇ ಹಾಗೆ ಮಾಡಿದರು. ಆಮೇಲೆ ಬಂದ ಯೋಷೀಯ ರಾಜ ಆ ಜಾಗವನ್ನು ಹೊಲೆಮಾಡಿ ಆ ಪದ್ಧತಿ ನಿಲ್ಲಿಸಿದ.

ಯೆರೆಮೀಯನ ಏಳನೆಯ ಅಧ್ಯಾಯದಲ್ಲಿ ದೇವರು ಇದರ ಬಗ್ಗೆ ಆಡುವ ಮಾತನ್ನು ದಯವಿಟ್ಟು ನೀವೇ ತೆಗೆದು ಓದಿ. ಗಂಡುಮಕ್ಕಳನ್ನೂ ಹೆಣ್ಣುಮಕ್ಕಳನ್ನೂ ಬೆಂಕಿಯಲ್ಲಿ ಸುಡುತ್ತಿದ್ದೀರಿ, ನಾನು ಇದನ್ನು ಆಜ್ಞಾಪಿಸಲಿಲ್ಲ, ಇದು ನನ್ನ ಮನಸ್ಸಿಗೂ ಬಂದಿರಲಿಲ್ಲ ಎನ್ನುತ್ತಾನೆ ದೇವರು. ನರಕಕ್ಕೆ ಹೆಸರು ಕೊಟ್ಟ ಜಾಗ ಮನುಷ್ಯರು ಮಾಡಿಕೊಂಡದ್ದು. ಮಕ್ಕಳನ್ನು ಬೆಂಕಿಗೆ ಹಾಕುವುದು ದೇವರ ಯೋಚನೆಯಲ್ಲೇ ಇರಲಿಲ್ಲ. ಈ ಒಂದು ವಚನದಿಂದ ನರಕದ ಪ್ರಶ್ನೆ ಇತ್ಯರ್ಥವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಈ ವಚನ ಮರೆತು ನರಕದ ಬಗ್ಗೆ ಮಾತಾಡುವವರನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ.

ಇನ್ನೊಂದು ವಿಷಯ. ಅದೇ ಕಣಿವೆಯ ಅಂಚಿನ ದಿಬ್ಬದಲ್ಲಿ, ಕೆತೆಫ್ ಹಿನ್ನೋಮ್ ಎಂಬಲ್ಲಿ, 1979ರಲ್ಲಿ ಬಂಡೆ ಕೊರೆದು ಮಾಡಿದ ಹಳೆಯ ಸಮಾಧಿಗಳನ್ನು ಅಗೆದರು. ಒಂದು ಕೋಣೆಯಲ್ಲಿ ಎರಡು ಪುಟ್ಟ ಬೆಳ್ಳಿ ಸುರುಳಿಗಳು ಸಿಕ್ಕವು. ದೊಡ್ಡದು ಬಿಚ್ಚಿದಾಗ ಸುಮಾರು ಹತ್ತು ಸೆಂಟಿಮೀಟರ್ ಉದ್ದ, ಚಿಕ್ಕದು ನಾಲ್ಕು ಸೆಂಟಿಮೀಟರ್ ಕೂಡ ಇಲ್ಲ. ಒಡೆಯದಂತೆ ಬಿಚ್ಚಲು ವರ್ಷಗಳೇ ಹಿಡಿದವು. ಒಳಗೆ ಕೂದಲಿನಷ್ಟು ತೆಳುವಾಗಿ ಗೀಚಿದ ಅಕ್ಷರಗಳು. ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ ಎಂಬ, ಅರಣ್ಯಕಾಂಡದಲ್ಲಿ ಬರುವ ಆಶೀರ್ವಾದದ ಮಾತು ಅಲ್ಲಿದೆ. ನಮ್ಮ ಕೈಗೆ ಸಿಕ್ಕಿರುವ ಬೈಬಲ್ ಮಾತುಗಳಲ್ಲಿ ಇದಕ್ಕಿಂತ ಹಳೆಯ ಬರಹ ಇಲ್ಲ. ಯಾರೋ ತಮ್ಮವರನ್ನು ಮಣ್ಣು ಮಾಡುವಾಗ ಆ ಆಶೀರ್ವಾದವನ್ನು ಜೊತೆಗೆ ಇಟ್ಟು ಕಳಿಸಿದ್ದಾರೆ. ನರಕದ ಕಣಿವೆಯ ನೆತ್ತಿಯ ಮೇಲೆ.

ಈಗ ಯೇಸು ಗೆಹೆನ್ನಾದ ಮಾತು ಆಡಿದ್ದು ಯಾರ ಹತ್ತಿರ ಎಂದು ನೋಡಿ. ಹೆಚ್ಚಾಗಿ ತನ್ನ ಶಿಷ್ಯರ ಹತ್ತಿರ, ಇಲ್ಲವೇ ಧರ್ಮದ ಮುಂದಾಳುಗಳ ಹತ್ತಿರ. ಸಹೋದರನನ್ನು ಮೂರ್ಖ ಎಂದು ಬೈಯುವವರಿಗೆ, ಪುಟ್ಟವರನ್ನು ಎಡವಿಸುವವರಿಗೆ, ಜನರಿಗೆ ಪರಲೋಕದ ಬಾಗಿಲು ಮುಚ್ಚಿಬಿಡುವ ಶಾಸ್ತ್ರಿಗಳಿಗೆ. ಐಶ್ವರ್ಯವಂತ ಮತ್ತು ಲಾಜರನ ಸಾಮ್ಯದಲ್ಲಿ ಸತ್ತ ಮೇಲೆ ಯಾತನೆಪಡುವ ಆ ಐಶ್ವರ್ಯವಂತ ಏನು ನಂಬಿದ್ದ ಎಂಬ ಪ್ರಶ್ನೆಯೇ ಬರುವುದಿಲ್ಲ. ಬಾಗಿಲಲ್ಲಿ ಹುಣ್ಣುಗಳಿಂದ ಬಿದ್ದಿದ್ದವನನ್ನು ಅವನು ನೋಡಲಿಲ್ಲ, ಅದೇ ಅವನ ತಪ್ಪು. ಮತ್ತಾಯ 25ರ ಕೊನೆಯ ತೀರ್ಪಿನ ಚಿತ್ರದಲ್ಲಿ ಎಡಗಡೆ ನಿಂತವರು, ಅಂದರೆ ದಂಡನೆಗೆ ಹೋಗುವವರು, ಹಸಿದವನಿಗೆ ಊಟ ಕೊಡಲಿಲ್ಲ, ಬಟ್ಟೆ ಇಲ್ಲದವನಿಗೆ ಬಟ್ಟೆ ಕೊಡಲಿಲ್ಲ. ಬಲಗಡೆ ನಿಂತವರು ಕೊಟ್ಟಿದ್ದರು, ಆದರೆ ಅದು ಕ್ರಿಸ್ತನಿಗೆ ಕೊಟ್ಟದ್ದು ಎಂದು ಅವರಿಗೆ ಗೊತ್ತೇ ಇರಲಿಲ್ಲ. ನಿಮ್ಮ ಪತ್ರದಲ್ಲಿ "ಕಷ್ಟ ಅಂತ ಬಂದವರನ್ನು ಬರಿಗೈಯಲ್ಲಿ ಕಳಿಸಿದವರಲ್ಲ" ಎಂಬ ಸಾಲು ಓದಿದಾಗ ನನಗೆ ನೆನಪಾದದ್ದು ಇದೇ ಭಾಗ.

ಹಾಗಾದರೆ ಕೊನೆಗೆ ಕೆಟ್ಟವರಿಗೆ ಏನಾಗುತ್ತದೆ? ಇದಕ್ಕೆ ಕ್ರೈಸ್ತರು ಮೊದಲಿಂದಲೂ ಒಂದೇ ಉತ್ತರ ಕೊಟ್ಟಿಲ್ಲ.

ಹೆಚ್ಚು ಜನ ಒಪ್ಪಿರುವುದು, ನಿಮಗೆ ಬೋಧಕರು ಹೇಳಿದ್ದು, ಕೊನೆಯಿಲ್ಲದ ಯಾತನೆ ಎಂಬ ಉತ್ತರ. ಇದಕ್ಕೆ ಆಧಾರವಿದೆ, ಅದನ್ನು ಮುಚ್ಚಿಡಬಾರದು. ಮತ್ತಾಯ 25ರ ಕೊನೆಯ ವಚನದಲ್ಲಿ ಒಂದು ಗುಂಪು ನಿತ್ಯವಾದ ದಂಡನೆಗೆ, ಇನ್ನೊಂದು ನಿತ್ಯಜೀವಕ್ಕೆ ಹೋಗುತ್ತದೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 14ರಲ್ಲಿ ಕೆಟ್ಟವರ ಯಾತನೆಯ ಹೊಗೆ ಯುಗಯುಗಾಂತರಕ್ಕೂ ಏರುತ್ತದೆ. ಇದನ್ನು ಗಟ್ಟಿಯಾಗಿ ಕಟ್ಟಿದವನು ಅಗಸ್ಟಿನ್, ಕ್ರಿ.ಶ. 354ರಿಂದ 430ರವರೆಗೆ ಬದುಕಿದ್ದ ಉತ್ತರ ಆಫ್ರಿಕಾದ ಬಿಷಪ್. ಒಂದೇ ವಾಕ್ಯದಲ್ಲಿ ಒಂದೇ ಪದ ಎರಡು ಕಡೆ ಬಂದಿದೆ. ಜೀವಕ್ಕೆ ಕೊನೆಯಿಲ್ಲ ಎಂದಾದರೆ ದಂಡನೆಗೂ ಕೊನೆಯಿಲ್ಲ ಎಂದೇ ಆಗಬೇಕು ಎಂದು ಅವನು ವಾದಿಸಿದ. ಸುಲಭವಾಗಿ ತಳ್ಳಿಹಾಕುವ ವಾದವಲ್ಲ ಅದು.

ಬೆಂಕಿ ಸುಡುತ್ತದೆ, ಸುಟ್ಟದ್ದು ಬೂದಿಯಾಗುತ್ತದೆ, ಹಾಗಿರುವಾಗ ದೇಹ ಸದಾ ಉರಿಯುತ್ತಾ ಉಳಿಯುವುದು ಹೇಗೆ ಎಂಬ ಪ್ರಶ್ನೆ ಅವನ ಕಾಲದಲ್ಲೂ ಇತ್ತು. ಅದಕ್ಕೆ ಅವನು ಕೊಟ್ಟ ಒಂದು ಉದಾಹರಣೆ ನವಿಲಿನ ಮಾಂಸ. ಅದು ಕೊಳೆಯುವುದಿಲ್ಲ ಎಂದು ಜನ ಹೇಳುತ್ತಿದ್ದರಂತೆ. ಕಾರ್ಥೇಜಿನಲ್ಲಿ ಊಟಕ್ಕೆ ಬಡಿಸಿದ್ದರಿಂದ ಒಂದು ತುಂಡು ತೆಗೆದಿಡಿಸಿದ. ಮೂವತ್ತು ದಿನ ಕಳೆದ ಮೇಲೂ ವಾಸನೆ ಬಂದಿರಲಿಲ್ಲ. ವರ್ಷ ಕಳೆದಾಗ ಸ್ವಲ್ಪ ಒಣಗಿ ಸುರುಟಿತ್ತು, ಅಷ್ಟೇ ಎಂದು ಬರೆಯುತ್ತಾನೆ. ಇದರಿಂದ ನನಗೆ ಕಾಣುವುದು ಇಷ್ಟು: ಬೆಂಕಿ ಅಂದರೆ ಸಹಜವಾಗಿ ನೆನಪಾಗುವುದು ಸುಟ್ಟು ಮುಗಿಸುವುದು ಎಂದು ಅಗಸ್ಟಿನ್‌ಗೂ ಗೊತ್ತಿತ್ತು. ಮುಗಿಸದ ಬೆಂಕಿಯನ್ನು ಅವನು ಸಾಕ್ಷಿ ಹುಡುಕಿ ತೋರಿಸಬೇಕಾಯಿತು.

ಅವನ ನಂತರ ಪಶ್ಚಿಮದ ಸಭೆಗಳಲ್ಲಿ ಇದೇ ಗಟ್ಟಿಯಾಯಿತು. ಕಥೋಲಿಕ ಬಿಷಪ್‌ಗಳು ಸೇರಿದ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಇದನ್ನು ಹೇಳಿತು. 1530ರಲ್ಲಿ ಲೂಥರನ ಕಡೆಯವರು ಆಗ್ಸ್‌ಬರ್ಗ್‌ನಲ್ಲಿ ಒಪ್ಪಿಸಿದ ವಿಶ್ವಾಸಪತ್ರವೂ, ದಂಡನೆಗೆ ಕೊನೆಯುಂಟು ಎನ್ನುವವರನ್ನು ಖಂಡಿಸಿತು. ಆದರೆ ಯಾತನೆ ಅಂದರೆ ಏನು ಎಂಬುದು ಬದಲಾಗುತ್ತಾ ಬಂದಿದೆ. ಈಗಿನ ಕಥೋಲಿಕ ಧರ್ಮೋಪದೇಶ ನರಕದ ಮುಖ್ಯ ನೋವು ದೇವರಿಂದ ದೂರವಾಗಿರುವುದೇ ಎನ್ನುತ್ತದೆ. ಮನುಷ್ಯ ತಾನೇ ತನ್ನನ್ನು ಹೊರಗಿಟ್ಟುಕೊಳ್ಳುವ ಸ್ಥಿತಿ ಎನ್ನುತ್ತದೆ. 1999ರ ಜುಲೈಯಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಕೂಡ ನರಕವನ್ನು ಒಂದು ಜಾಗ ಎನ್ನುವುದಕ್ಕಿಂತ ದೇವರಿಂದ ತಾನಾಗಿ ದೂರ ಹೋದವನ ಸ್ಥಿತಿ ಎಂದು ವಿವರಿಸಿದರು. ಕೊಂಬು, ಬಾಲ, ಕೊಪ್ಪರಿಗೆಗಳೆಲ್ಲ ಚಿತ್ರಕಾರರ ಕೊಡುಗೆ.

ಎರಡನೆಯ ಉತ್ತರ: ಕೆಟ್ಟವರು ಕೊನೆಗೆ ಇಲ್ಲವಾಗುತ್ತಾರೆ. ಅಮರತ್ವ ಮನುಷ್ಯನಿಗೆ ಹುಟ್ಟಿನಿಂದ ಬಂದದ್ದಲ್ಲ, ಅದು ದೇವರ ವರ. ಆ ವರ ಬೇಡ ಎಂದವನು ಶಾಶ್ವತವಾಗಿ ನಾಶವಾಗುತ್ತಾನೆ. ನನ್ನ ಒಲವು ಯಾವ ಕಡೆ ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ವಚನಗಳನ್ನು ಒಂದೊಂದಾಗಿ ಮುಂದಿಟ್ಟುಕೊಂಡಾಗ ನನಗೆ ಜಾಸ್ತಿ ತೂಕ ಕಾಣುವುದು ಇಲ್ಲೇ.

ಯಾಕೆಂದರೆ ಬೈಬಲ್ ಕೆಟ್ಟವರ ಕೊನೆಯ ಬಗ್ಗೆ ಮತ್ತೆ ಮತ್ತೆ ಬಳಸುವ ಮಾತು ಸಾವು, ನಾಶ, ಸುಟ್ಟುಹೋಗುವುದು. ಪಾಪದ ಸಂಬಳ ಮರಣ ಎನ್ನುತ್ತಾನೆ ಪೌಲ. ದೇಹವನ್ನೂ ಆತ್ಮವನ್ನೂ ಗೆಹೆನ್ನಾದಲ್ಲಿ ನಾಶಮಾಡಬಲ್ಲವನಿಗೆ ಭಯಪಡಿರಿ ಎಂದು ಯೇಸು ಹೇಳುತ್ತಾನೆ ಮತ್ತಾಯ 10ರಲ್ಲಿ. ಯೂದನ ಪತ್ರ (ಇವನು ಯೇಸುವನ್ನು ಹಿಡಿದುಕೊಟ್ಟ ಯೂದ ಅಲ್ಲ) ದೇವರು ಬೆಂಕಿ ಸುರಿಸಿ ನಾಶಮಾಡಿದ ಸೊದೋಮ್ ಪಟ್ಟಣವನ್ನು ನಿತ್ಯವಾದ ಬೆಂಕಿಗೆ ಉದಾಹರಣೆ ಮಾಡುತ್ತದೆ. ಸೊದೋಮ್ ಇವತ್ತು ಉರಿಯುತ್ತಿಲ್ಲ ಅಲ್ವಾ? ಬೆಂಕಿ ತನ್ನ ಕೆಲಸ ಮುಗಿಸಿತು, ಅದರ ಫಲ ಮಾತ್ರ ಶಾಶ್ವತ.

ಅವರ ಹುಳ ಸಾಯುವುದಿಲ್ಲ, ಬೆಂಕಿ ಆರುವುದಿಲ್ಲ ಎಂಬ ಮಾತನ್ನು ನೀವು ಎಷ್ಟೋ ಸಲ ಕೇಳಿರುತ್ತೀರಿ. ಮಾರ್ಕ 9ರಲ್ಲಿ ಯೇಸು ಹೇಳುವ ಈ ಮಾತು ಯೆಶಾಯನ ಪುಸ್ತಕದ ಕಟ್ಟಕಡೆಯ ವಚನದಿಂದ ಬಂದದ್ದು. ಅಲ್ಲಿ ತೆರೆದು ನೋಡಿ. ಜನ ಹೊರಗೆ ಹೋಗಿ ನೋಡುವುದು ಹೆಣಗಳನ್ನು. ಬದುಕಿ ನರಳುವವರನ್ನಲ್ಲ. ಹುಳ ತಿನ್ನುವುದು ಹೆಣವನ್ನು, ಬೆಂಕಿ ಸುಡುವುದು ಹೆಣವನ್ನು. ಆ ಬೆಂಕಿಯನ್ನು ಯಾರೂ ಆರಿಸಿ ಆ ಕೊನೆಯನ್ನು ತಪ್ಪಿಸಲಾರರು ಎಂಬುದೇ ಅಲ್ಲಿನ ಎಚ್ಚರಿಕೆ. ಭಯಂಕರವಾದ ಚಿತ್ರ ನಿಜ. ಆದರೆ ಬೋಧಕರು ನಿಮ್ಮ ಕಣ್ಣಮುಂದೆ ಇಟ್ಟ ಚಿತ್ರ ಅದಲ್ಲ.

ಅಗಸ್ಟಿನ್‌ನ ವಾದಕ್ಕೆ ಈ ಕಡೆಯವರ ಉತ್ತರ ಹೀಗಿದೆ: ದಂಡನೆ ನಿತ್ಯವಾದದ್ದೇ, ಮತ್ತೆ ಬದಲಾಗದು, ವಾಪಸ್ ಬರಲಾಗದು. ಆದರೆ ಮರಣದಂಡನೆ ಅನುಭವಿಸಿದವನು ಸದಾ ನೋವಿನಲ್ಲಿರಬೇಕಿಲ್ಲ. ಪ್ರಕಟನೆಯಲ್ಲಿ ಕೆಟ್ಟವರನ್ನು ಎಸೆಯುವ ಬೆಂಕಿಯ ಕೆರೆಗೆ ಆ ಪುಸ್ತಕವೇ ಅರ್ಥ ಕೊಡುತ್ತದೆ, ಅದು ಎರಡನೆಯ ಮರಣ ಎಂದು. ಆದರೂ ಅದೇ ಪುಸ್ತಕದ 20ನೆಯ ಅಧ್ಯಾಯದಲ್ಲಿ ಸೈತಾನನು ಹಗಲೂ ಇರುಳೂ ಯುಗಯುಗಾಂತರಕ್ಕೂ ಯಾತನೆಪಡುತ್ತಾನೆ ಎಂದಿದೆ. ಈ ವಚನ ನನ್ನ ಒಲವಿಗೆ ಅಡ್ಡ ಬರುತ್ತದೆ. ಅದು ದರ್ಶನದ ಭಾಷೆ ಎಂದು ನಾನು ಓದುತ್ತೇನೆ. ಹಾಗೆ ಓದದವರನ್ನು ತಪ್ಪು ಎನ್ನಲಾರೆ.

ಇದು ಅಂಚಿನ ಗುಂಪುಗಳ ಮಾತು ಎಂದು ನಿಮಗೆ ಹೇಳಿರಬಹುದು. ಏಳನೆಯ ದಿನದ ಅಡ್ವೆಂಟಿಸ್ಟರು ಇದನ್ನು ಬೋಧಿಸುತ್ತಾರೆ, ನಿಜ. ಆದರೆ ಇಂಗ್ಲೆಂಡಿನ ಜಾನ್ ಸ್ಟಾಟ್ ಅವರು ಸುವಾರ್ತಾವಾದಿಗಳಲ್ಲಿ, ಅಂದರೆ ಬೈಬಲ್ಲೇ ಅಂತಿಮ ಎನ್ನುವ ಪ್ರೊಟೆಸ್ಟಂಟರಲ್ಲಿ, ಎಲ್ಲರೂ ಗೌರವಿಸಿದ ಬೋಧಕರು. 1988ರಲ್ಲಿ ಅವರೂ ಈ ಕಡೆಯ ವಾದವನ್ನು ಬಹಿರಂಗವಾಗಿ ಮುಂದಿಟ್ಟರು. ಸದಾಕಾಲದ ಯಾತನೆ ಎಂಬ ವಿಚಾರ ನನ್ನ ಮನಸ್ಸಿಗೆ ಸಹಿಸಲಾಗದ್ದು, ಆದರೆ ನಿರ್ಧಾರ ಮಾಡಬೇಕಾದದ್ದು ಮನಸ್ಸಲ್ಲ, ವಚನ ಎಂದರು. ವಚನವನ್ನೇ ನೋಡಿ, ಪೂರ್ತಿ ನಾಶ ಎಂಬ ಓದಿಗೂ ಸಭೆಯಲ್ಲಿ ಜಾಗವಿರಬೇಕು ಎಂದರು. 1995ರಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಸಿದ್ಧಾಂತ ಮಂಡಳಿಯೂ, ನರಕ ಅಂದರೆ ಕೊನೆಯಿಲ್ಲದ ಹಿಂಸೆಯಲ್ಲ, ದೇವರಿಗೆ ಪೂರ್ತಿ ವಿರುದ್ಧವಾದದ್ದನ್ನು ಆರಿಸಿಕೊಂಡು ಇಲ್ಲವಾಗುವುದು ಎಂಬ ಅರ್ಥದಲ್ಲಿ ಬರೆಯಿತು.

ಮೂರನೆಯ ಉತ್ತರ, ಕೊನೆಗೆ ಎಲ್ಲರಿಗೂ ರಕ್ಷಣೆ. ಇದು ಇತ್ತೀಚಿನ ಮೃದು ಮನಸ್ಸಿನವರ ಕಲ್ಪನೆ ಎಂದುಕೊಂಡವರೇ ಜಾಸ್ತಿ. ಆದರೆ ಮೂರನೆಯ ಶತಮಾನದ ಬೈಬಲ್ ಪಂಡಿತ ಒರಿಜೆನ್, ನಾಲ್ಕನೆಯ ಶತಮಾನದ ಬಿಷಪ್ ನಿಸ್ಸಾದ ಗ್ರೆಗೊರಿ ಆಗಲೇ ಇದನ್ನು ಬೋಧಿಸಿದರು. ಇಬ್ಬರ ಮಾತೃಭಾಷೆಯೂ ಗ್ರೀಕ್, ಹೊಸ ಒಡಂಬಡಿಕೆಯ ಭಾಷೆ. ಆದಾಮನಲ್ಲಿ ಎಲ್ಲರೂ ಸಾಯುವಂತೆ ಕ್ರಿಸ್ತನಲ್ಲಿ ಎಲ್ಲರೂ ಜೀವಿತರಾಗುವರು, ಕೊನೆಗೆ ದೇವರು ಎಲ್ಲರಲ್ಲೂ ಎಲ್ಲವೂ ಆಗಿರುವನು ಎಂಬ ಒಂದನೆಯ ಕೊರಿಂಥ 15ರ ಮಾತು ಅವರ ನೆಲೆ. ಅವರ ಪ್ರಕಾರ ನರಕ ಉಂಟು, ನೋವೂ ಉಂಟು. ಆದರೆ ಅದು ಅಕ್ಕಸಾಲಿಗನ ಬೆಂಕಿ, ಕಲ್ಮಶ ಹೋದ ಮೇಲೆ ಕೆಲಸ ಮುಗಿಯಿತು. ನಿತ್ಯ ಎಂದು ಅನುವಾದವಾಗುವ ಗ್ರೀಕ್ ಪದದ ಬೇರು ಯುಗ ಎಂಬುದು, ಅದು ಎಲ್ಲ ಕಡೆಯೂ ಕೊನೆಯಿಲ್ಲದ್ದು ಎಂದೇ ಆಗಬೇಕಿಲ್ಲ ಎಂಬುದು ಈ ಕಡೆಯವರ ಇನ್ನೊಂದು ವಾದ.

553ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸೇರಿದ ಮಹಾಸಭೆ ಒರಿಜೆನ್‌ನ ಹೆಸರನ್ನು ಖಂಡನೆಗೆ ಗುರಿಮಾಡಿತು. ಅದರಲ್ಲಿ ಈ ಬೋಧನೆಯ ಪಾಲೆಷ್ಟು, ಆತ್ಮಗಳು ಹುಟ್ಟುವ ಮುಂಚೆಯೇ ಇದ್ದವು ಎಂಬಂಥ ಅವನ ಬೇರೆ ಊಹೆಗಳ ಪಾಲೆಷ್ಟು ಎಂದು ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಗ್ರೆಗೊರಿಯನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಪೂರ್ವದಲ್ಲೂ ಪಶ್ಚಿಮದಲ್ಲೂ ಅವನು ಇವತ್ತಿಗೂ ಸಂತ. ಏಳನೆಯ ಶತಮಾನದ ನಿನೆವೆಯ ಐಸಾಕ್ ಎಂಬ ಸನ್ಯಾಸಿ ಇನ್ನೊಂದು ಮಾತು ಸೇರಿಸಿದ. ಗೆಹೆನ್ನಾದಲ್ಲಿ ಇರುವವರನ್ನು ಹೊಡೆಯುವುದು ಪ್ರೀತಿಯ ಚಾಟಿ. ಪ್ರೀತಿಗೆ ದ್ರೋಹ ಮಾಡಿದೆ ಎಂದು ತಿಳಿದಾಗ ಆಗುವ ನೋವಿಗಿಂತ ಕಠಿಣವಾದ ನೋವು ಬೇರೆ ಇಲ್ಲ ಎಂದ. ಆರ್ಥೊಡಾಕ್ಸ್ ಸಭೆಗಳು ಈ ಮಾತನ್ನು ಎದೆಗೆ ಹಚ್ಚಿಕೊಂಡಿವೆ.

ನನಗೆ ಇದು ಸಿದ್ಧಾಂತ ಎಂದು ಸಾರಲು ಧೈರ್ಯ ಬರುವುದಿಲ್ಲ. ಯೇಸುವಿನ ಎಚ್ಚರಿಕೆಗಳು ನಿಜವಾದ ಎಚ್ಚರಿಕೆಗಳು. ಬೇಡ ಎನ್ನುವ ಸ್ವಾತಂತ್ರ್ಯವನ್ನು ದೇವರು ಮನುಷ್ಯನಿಂದ ಕಿತ್ತುಕೊಳ್ಳುವುದಿಲ್ಲ. ಆದರೆ ಇದನ್ನು ಆಶಿಸುವುದಕ್ಕೆ, ಇದಕ್ಕಾಗಿ ಪ್ರಾರ್ಥಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಎಲ್ಲರೂ ರಕ್ಷಣೆ ಹೊಂದಬೇಕೆಂಬುದು ದೇವರ ಮನಸ್ಸು ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರವೇ ಹೇಳುತ್ತದೆ.

ಇಷ್ಟು ಹೇಳಿದ ಮೇಲೆ ನರಕ ಅನ್ನುವುದೇ ಬೇಡ ಎಂದು ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಪ್ರಕಟನೆಯ ಆರನೆಯ ಅಧ್ಯಾಯದಲ್ಲಿ ಕೊಲೆಯಾದವರು ಯಜ್ಞವೇದಿಯ ಕೆಳಗಿನಿಂದ, ಇನ್ನೂ ಎಷ್ಟು ಕಾಲ ಎಂದು ಕೂಗುತ್ತಾರೆ. ಅವರಿಗೆ ಉತ್ತರ ಬೇಕು. ಮಗುವನ್ನು ಹಿಂಸಿಸಿದವನಿಗೂ ಆ ಮಗುವಿಗೂ ಏನೂ ಆಗಿಲ್ಲವೆಂಬಂತೆ ಒಂದೇ ಊಟದ ಮೇಜು ಹಾಕಿದರೆ ಅದು ಪ್ರೀತಿಯಲ್ಲ. ಈ ಮೂರೂ ಉತ್ತರ ಕೊಡುವವರು ಒಪ್ಪುವ ಮಾತೆಂದರೆ ಇದು: ಕೆಟ್ಟದ್ದನ್ನು ದೇವರು ಕೆಟ್ಟದ್ದೆಂದೇ ಕರೆಯುತ್ತಾನೆ, ಅದಕ್ಕೆ ಕೊನೆ ಕಾಣಿಸುತ್ತಾನೆ. ತೂಕವೂ ಎಲ್ಲರಿಗೂ ಒಂದೇ ಅಲ್ಲ. ಯಜಮಾನನ ಮನಸ್ಸು ತಿಳಿದೂ ಮಾಡದವನಿಗೆ ಹೆಚ್ಚು ಪೆಟ್ಟು, ತಿಳಿಯದೆ ತಪ್ಪಿದವನಿಗೆ ಕಡಿಮೆ ಎಂದು ಲೂಕ 12ರಲ್ಲಿ ಯೇಸುವೇ ಹೇಳುತ್ತಾನೆ.

ನಿಮ್ಮ ಅಪ್ಪ ನಂಬಲಿಲ್ಲವಲ್ಲ ಎಂಬುದು ಉಳಿಯಿತು. ಯೇಸುವಿನ ಹೆಸರಿನಿಂದಲ್ಲದೆ ಬೇರೆ ರಕ್ಷಣೆಯಿಲ್ಲ ಎಂಬ ವಚನವಿದೆ, ನಂಬದವನಿಗೆ ಆಗಲೇ ತೀರ್ಪಾಗಿದೆ ಎಂಬ ವಚನವೂ ಇದೆ. ಬದುಕಿರುವಾಗಲೇ ಬಾಯಿಬಿಟ್ಟು ನಂಬಿಕೆ ಹೇಳಿರಬೇಕು ಎಂದು ಅವುಗಳಿಂದ ತೀರ್ಮಾನಿಸುವವರು ಬಹಳ. ಕ್ರಿಸ್ತನಿಂದಲೇ ರಕ್ಷಣೆ, ಆದರೆ ಆತನ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂದು ಅಳೆಯುವುದು ನಮ್ಮ ಕೆಲಸವಲ್ಲ ಎನ್ನುವವರೂ ಬಹಳ. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ತಮ್ಮದಲ್ಲದ ತಪ್ಪಿನಿಂದ ದೇವರನ್ನು ಸ್ಪಷ್ಟವಾಗಿ ಅರಿಯದೇ ಹೋದರೂ ನೇರವಾಗಿ ಬದುಕಲು ಹೆಣಗುವವರಿಗೂ ದೇವರ ನೆರವು ಇದೆ ಎಂದಿತು. ಯೇಸು ಹೇಳಿದ ಇಬ್ಬರು ಮಕ್ಕಳ ಸಾಮ್ಯ ನೆನಪಿದೆಯೇ? ಹೋಗುತ್ತೇನೆ ಎಂದ ಮಗ ತೋಟಕ್ಕೆ ಹೋಗಲಿಲ್ಲ. ಹೋಗುವುದಿಲ್ಲ ಎಂದ ಮಗ ಆಮೇಲೆ ಹೋದ. ತಂದೆಯ ಇಷ್ಟದಂತೆ ನಡೆದವನು ಯಾರು ಎಂದು ಯೇಸು ಕೇಳುತ್ತಾನೆ. ಮನುಷ್ಯನೊಬ್ಬ ನಂಬೋಕೆ ಆಗ್ತಿಲ್ಲ ಎನ್ನುವುದರ ಹಿಂದೆ ಏನೇನು ಗಾಯಗಳಿರುತ್ತವೆ, ಅವನು ಯಾವ ದೇವರನ್ನು ಬೇಡ ಎಂದ, ಅದು ನಿಜವಾದ ದೇವರೋ ಯಾರೋ ತೋರಿಸಿದ ಕೆಟ್ಟ ಚಿತ್ರವೋ, ಇದು ದೇವರಿಗೆ ಗೊತ್ತು.

ಇಸ್ತಾಂಬುಲ್‌ನಲ್ಲಿ ಹಿಂದೆ ಚರ್ಚಾಗಿದ್ದು ಈಗ ಮಸೀದಿಯಾಗಿರುವ ಕೋರಾ ಎಂಬ ಹಳೆಯ ಕಟ್ಟಡದಲ್ಲಿ 14ನೆಯ ಶತಮಾನದ ಮೊದಲ ಭಾಗದ ಒಂದು ಗೋಡೆಚಿತ್ರವಿದೆ. ಕ್ರಿಸ್ತನು ಪಾತಾಳಕ್ಕೆ ಇಳಿದನು ಎಂಬ ವಿಶ್ವಾಸ ಪ್ರಮಾಣದ ಸಾಲಿನ ಚಿತ್ರ ಅದು. ಬಿಳಿ ಬಟ್ಟೆಯ ಕ್ರಿಸ್ತ ನಡುವೆ ಕಾಲು ಅಗಲಿಸಿ ನಿಂತಿದ್ದಾನೆ. ಒಂದು ಕಡೆ ಆದಾಮ, ಇನ್ನೊಂದು ಕಡೆ ಹವ್ವ, ಇಬ್ಬರನ್ನೂ ಸಮಾಧಿಗಳಿಂದ ಎಳೆಯುತ್ತಿದ್ದಾನೆ. ಎಳೆತದ ರಭಸಕ್ಕೆ ಅವರ ಬಟ್ಟೆ ಹಾರುತ್ತಿದೆ. ಕಾಲಕೆಳಗೆ ಪಾತಾಳದ ಬಾಗಿಲುಗಳು ಮುರಿದು ಬಿದ್ದಿವೆ, ಸುತ್ತ ಬೀಗ, ಕೀಲಿಕೈಗಳು ಚೆಲ್ಲಾಡಿವೆ. ಕ್ರಿಸ್ತನು ಹಿಡಿದಿರುವುದು ಅವರ ಅಂಗೈಯನ್ನಲ್ಲ, ಮಣಿಕಟ್ಟನ್ನು. ಅಂಗೈ ಹಿಡಿದರೆ ಅವರೂ ಬಿಗಿಯಾಗಿ ಹಿಡಿದುಕೊಳ್ಳಬೇಕು. ಮಣಿಕಟ್ಟು ಹಿಡಿದರೆ ಹಿಡಿತವೆಲ್ಲ ಎಳೆಯುವವನದೇ.

ಇನ್ನು ಪ್ರಾರ್ಥನೆ. ಪ್ರೊಟೆಸ್ಟಂಟ್ ಸಭೆಗಳಲ್ಲಿ ಹೆಚ್ಚಿನವು ಸತ್ತವರಿಗಾಗಿ ಪ್ರಾರ್ಥಿಸುವುದಿಲ್ಲ. ಸತ್ತ ಮೇಲೆ ಬದಲಾವಣೆಯಿಲ್ಲ ಎಂಬುದು ಅವರ ಕಾರಣ. ಸತ್ತವರಿಗಾಗಿ ಪ್ರಾರ್ಥಿಸುವುದಕ್ಕೆ ಆಧಾರವಾದ ಎರಡನೆಯ ಮಕ್ಕಬಿಯರ ಪುಸ್ತಕ ಅವರ ಬೈಬಲಿನಲ್ಲಿ ಇಲ್ಲ ಎಂಬುದೂ ಒಂದು ಕಾರಣ. ಕಥೋಲಿಕರು ಪ್ರಾರ್ಥಿಸುತ್ತಾರೆ. ರಕ್ಷಣೆ ಹೊಂದಿದವರೂ ಪರಲೋಕಕ್ಕೆ ಹೋಗುವ ಮುಂಚೆ ಶುದ್ಧರಾಗುತ್ತಾರೆ ಎಂಬ ಶುದ್ಧೀಕರಣ ಸ್ಥಳದ ಬೋಧನೆಗೆ ಈ ಪ್ರಾರ್ಥನೆಯೂ ಒಂದು ಆಧಾರ. ಆರ್ಥೊಡಾಕ್ಸರು ಇನ್ನೂ ಮುಂದೆ ಹೋಗುತ್ತಾರೆ. ಪಂಚಾಶತ್ತಮ ಹಬ್ಬದ ಸಂಜೆ ಮೊಣಕಾಲೂರಿ, ಪಾತಾಳದಲ್ಲಿ ಸೆರೆಯಾಗಿರುವವರಿಗಾಗಿಯೂ ಬೇಡಿಕೊಳ್ಳುತ್ತಾರೆ. ನಿಮ್ಮ ಸಭೆ ಯಾವುದೇ ಇರಲಿ, ಮಗಳು ತನ್ನ ಅಪ್ಪನ ಹೆಸರನ್ನು ದೇವರ ಮುಂದೆ ಹೇಳುವುದನ್ನು ಪಾಪ ಎನ್ನುವ ವಚನ ಬೈಬಲಿನಲ್ಲಿ ಇಲ್ಲ.

ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಕೊನೆಯಿಲ್ಲದ ನರಕದ ವಾದವನ್ನು ಕಟ್ಟಿದ ಅಗಸ್ಟಿನ್‌ನ ತಂದೆ ಪತ್ರೀಸಿಯಸ್ ಬದುಕಿನ ಹೆಚ್ಚು ಕಾಲ ಕ್ರೈಸ್ತನಾಗಿರಲಿಲ್ಲ. ಮುಂಗೋಪಿ. ಹೆಂಡತಿಗೆ ನಂಬಿಕೆದ್ರೋಹ ಮಾಡಿದವನು. ಸಾಯುವುದಕ್ಕೆ ಸ್ವಲ್ಪ ಮುಂಚೆ ನಂಬಿಕೆಗೆ ಬಂದ. ತಾಯಿ ಮೋನಿಕಾ 387ರಲ್ಲಿ ಓಸ್ತಿಯಾ ಎಂಬ ಬಂದರು ಊರಿನಲ್ಲಿ ತೀರಿಕೊಂಡಳು. ಈ ದೇಹವನ್ನು ಎಲ್ಲಾದರೂ ಮಣ್ಣು ಮಾಡಿ, ದೇವರ ಪೀಠದ ಮುಂದೆ ಮಾತ್ರ ನನ್ನನ್ನು ನೆನೆಯಿರಿ ಎಂದಿದ್ದಳು. ಹತ್ತು ವರ್ಷಕ್ಕೂ ಹೆಚ್ಚು ಕಾಲದ ನಂತರ ಅಗಸ್ಟಿನ್ ತನ್ನ ಬದುಕಿನ ಕಥೆ ಬರೆದ. ಅಲ್ಲಿ ಅಮ್ಮನ ಪಾಪಗಳನ್ನು ಕ್ಷಮಿಸು ಎಂದು ದೇವರನ್ನು ಬೇಡುತ್ತಾನೆ. ಆಮೇಲೆ ಓದುಗರ ಕಡೆ ತಿರುಗಿ, ಇದನ್ನು ಓದುವವರೆಲ್ಲ ಪ್ರಾರ್ಥನೆಯಲ್ಲಿ ಮೋನಿಕಾಳನ್ನು ನೆನೆಯಿರಿ, ಜೊತೆಗೆ ಅವಳ ಗಂಡ ಪತ್ರೀಸಿಯಸ್‌ನನ್ನೂ ನೆನೆಯಿರಿ ಎಂದು ಕೇಳಿಕೊಳ್ಳುತ್ತಾನೆ. ಹದಿನಾರು ಶತಮಾನ ದಾಟಿದ ಮೇಲೂ ಆ ಪುಟ ತೆರೆದಾಗಲೆಲ್ಲ ನಾನು ಆ ಎರಡು ಹೆಸರು ಹೇಳುತ್ತೇನೆ.

ನಿಮ್ಮ ಅಪ್ಪನ ಹೆಸರನ್ನು ಪತ್ರದಲ್ಲಿ ಬರೆದಿಲ್ಲ. ಮುಂದಿನ ಸಲ ಬರೆಯುವಾಗ ತಿಳಿಸಿ. ಅವರ ಹೆಸರನ್ನೂ ಸೇರಿಸಿ ಹೇಳುತ್ತೇನೆ.